ಮೂವತ್ತೈದು ಮಿಲಿಮೀಟರು

ಮೂವತ್ತೈದು ಮಿಲಿಮೀಟರು ಅಂದರೆ ಎಷ್ಟು ಮಹಾ?
ಚಕ್ರಕ್ಕೂ ಅದರ ಮೇಲಿನ ತಗಡಿನ ಕಮಾನಿಗೂ ನಡುವೆ
ಹಿಂದೆ ನನ್ನ ಇಡೀ ಮುಷ್ಟಿ ತೂರುತ್ತಿತ್ತು.
ಈಗ ಎರಡು ಬೆರಳು;
ಅದೂ ಉಂಗುರ ತೆಗೆದಿಟ್ಟರೆ.

ಔಡೆನಾರ್ಡೆಯಲ್ಲಿ, ಯೋರಿಕ್‌ನ ಶೆಡ್ಡಿನಲ್ಲಿ, ಶನಿವಾರ ಪೂರ್ತಿ
ಮಂಡಿಯೂರಿ ಕೂತು, ಹಳೆಯ ಸ್ಪ್ರಿಂಗುಗಳನ್ನು ಅದುಮಿ ಹಿಡಿದು
ಹೊರಗೆ ತೆಗೆದೆವು,
ಸಿಟ್ಟು ನುಂಗಿ ಕೂತವನನ್ನು ಮಾತಾಡಿಸುವಷ್ಟು ಹುಷಾರಾಗಿ.
ಹೊಸವು ಕೆಂಪಗೆ, ಗಿಡ್ಡಗೆ, ಹಟಮಾರಿ.
ಹಳೆಯ ನಾಲ್ಕನ್ನು ನೆಲಮಾಳಿಗೆಯಲ್ಲಿ
ಆಲೂಗೆಡ್ಡೆ ಚೀಲದ ಪಕ್ಕ ಇಟ್ಟೆ.
"ಬಿಸಾಡಬೇಡ," ಅಂದಿದ್ದ ಯೋರಿಕ್,
"ಎಲ್ಲರೂ ವಾಪಸು ಬರುತ್ತಾರೆ."

ಕಾರು ಚೆಂದವಾಯಿತು, ಸುಳ್ಳೇಕೆ ಹೇಳಲಿ.
ಹೊಂಚು ಹಾಕಿದ ಬೆಕ್ಕಿನ ಹಾಗೆ ಹೊಟ್ಟೆ ನೆಲಕ್ಕಿಟ್ಟು ನಿಂತಿತು.
ತಿರುವಿನಲ್ಲಿ ವಾಲುವುದಿಲ್ಲ,
ಬ್ರೇಕು ಒತ್ತಿದರೆ ಮೂಗು ಬಗ್ಗಿಸುವುದಿಲ್ಲ.
ಆದರೆ ಇದು ಫ್ಲಾಂಡರ್ಸು.
ಇಲ್ಲಿನ ಕಲ್ಲುಹಾಸಿನ ಮೇಲೆ ಸೈಕಲ್ಲಿನವರು
ಹಲ್ಲು ಕಚ್ಚಿ ಹೋದರೆ ಜನ ಸಾಲುಗಟ್ಟಿ ಚಪ್ಪಾಳೆ ತಟ್ಟುತ್ತಾರೆ.
ನನಗೆ ಯಾರೂ ತಟ್ಟಲಿಲ್ಲ.
ರಾತ್ರಿಯಿಡೀ ಕಾರ್ಖಾನೆಯಲ್ಲಿ ಜಮಖಾನೆ ನೇಯುತ್ತೇನೆ,
ಯಾರದೋ ಅಂಗಾಲಿಗೆ ಮೆತ್ತಗಿರಲೆಂದು;
ಬೆಳಿಗ್ಗೆ ಆರಕ್ಕೆ ಮನೆಗೆ ಹೊರಟರೆ
ಒಂದೊಂದು ಕಲ್ಲೂ ನನ್ನ ಬೆನ್ನಿನ ಒಂದೊಂದು ಮಣಿ ಎಣಿಸುತ್ತದೆ.
ಕಾಫಿ ಲೋಟದಲ್ಲಿ ಅರ್ಧ, ತೊಡೆಯ ಮೇಲೆ ಅರ್ಧ.
ಶಾಲೆಯ ಮುಂದಿನ ಉಬ್ಬಿಗೆ ಓರೆಯಾಗಿ ಹತ್ತಿಸುತ್ತೇನೆ,
ವಯಸ್ಸಾದವರು ಬಚ್ಚಲಿಗೆ ಇಳಿದಂತೆ, ಒಂದೊಂದೇ ಕಾಲು.
ಆದರೂ ಅಡಿಯಲ್ಲೆಲ್ಲೋ ಕರ್ರ್.

ಗುರುವಾರ ಗೋದೆಲೀವ್ ಅತ್ತೆಯ ದಿನ.
ಗೆಂಟ್‌ನ ಆಸ್ಪತ್ರೆಯಲ್ಲಿ ಅವಳ ಕಣ್ಣಿಗೇ ಸೂಜಿ ಚುಚ್ಚುತ್ತಾರೆ.
ನೋಟದ ನಡುಭಾಗ ಹೋಗಿದೆ, ಅಂಚು ಮಾತ್ರ ಉಳಿದಿದೆ:
ಮಧ್ಯೆ ಸುಟ್ಟ ದೋಸೆಯಂಥ ಲೋಕ.
ಮೂವತ್ತೊಂದು ವರ್ಷ ಟ್ರಾಮು ಓಡಿಸಿದವಳು.
ಅವಳ ಸೊಂಟ ನೆನೆದು ಸೀಟಿಗೊಂದು ದಿಂಬು ಇಟ್ಟೆ.
ತೆಗೆದು ಹಿಂದಕ್ಕೆ ಎಸೆದಳು.

"ಈಗ ರೈಲು ಗೇಟು," ಅಂದಳು, ಕಣ್ಣು ಮುಚ್ಚಿಕೊಂಡೇ.
"ಎರಡು ಹಳಿ. ಎರಡನೆಯದು ತುಸು ಎತ್ತರ."
ಹೌದು.
"ಇದು ಬಿಯರು ಕಾರ್ಖಾನೆಯ ಓಣಿ, ಕಲ್ಲು ಎಡಕ್ಕೆ ಜಾರಿವೆ."
ಹೌದು.
ಹೆದ್ದಾರಿಯ ಕಾಂಕ್ರೀಟು ಹಲಗೆಗಳ ಸಂದು ದಡ್‌ದಡ್, ದಡ್‌ದಡ್,
ಅವಳ ಬೆರಳು ಮೊಣಕಾಲಿನ ಮೇಲೆ ಅದನ್ನೇ ಬಾರಿಸುತ್ತಿತ್ತು.
"ವೌಟರ್‌ನ ದೊಡ್ಡ ಕಾರಿನಲ್ಲಿ ಸೋಫಾ ಮೇಲೆ ಕೂರಿಸಿ
ಎಲ್ಲಿಗೋ ಹೊತ್ತೊಯ್ದ ಹಾಗಿರುತ್ತದೆ.
ಇಳಿಸಿದಾಗಲೇ ಗೊತ್ತಾಗುವುದು ಎಲ್ಲಿ ಅಂತ.
ಇದು ಹೇಳುತ್ತದೆ."
ಆಮೇಲೆ, ಆಸ್ಪತ್ರೆಯ ಬಾಗಿಲಲ್ಲಿ, ಗೋಡೆ ಹಿಡಿದು:
"ಸೊಂಟ ಮಾತ್ರ ಹೋಯಿತು ಕಣೋ, ಹಾಳಾದವನೇ."

ಮುಂದಿನ ವಾರಕ್ಕೂ ಇದೇ ಕಾರು ಬೇಕೆಂದಳು.
ನೆಲಮಾಳಿಗೆಯ ಸ್ಪ್ರಿಂಗುಗಳು ಅಲ್ಲೇ ಉಳಿದವು.

ಅಕ್ಟೋಬರಿನಲ್ಲಿ ನಗರಸಭೆಯವರು ಬಂದರು.
ಓಣಿಗೆ ಓಣಿಯೇ ಡಾಂಬರು, ಕರಿಹಲಗೆಯಷ್ಟು ನುಣುಪು.
ನನ್ನ ಬೆನ್ನು ಅವರಿಗೆ ಕೈಮುಗಿಯಿತು.
ಗೇಟು ದಾಟಿದೆವು, ಎರಡು ಹಳಿ, ಅತ್ತೆ ತಲೆಯಾಡಿಸಿದಳು,
ಎಡಕ್ಕೆ ತಿರುಗಿದೆ.
ಅವಳ ಕೈ ಡ್ಯಾಶ್‌ಬೋರ್ಡಿನ ಮೇಲೆ ಏನೋ ತಡವಿತು.
ಬಹಳ ಹೊತ್ತಿನ ಮೇಲೆ, ಮೆಲ್ಲಗೆ:
"ನಿಲ್ಲಿಸಿದೆಯಾ?"

ಇಲ್ಲ ಅತ್ತೆ, ಹೋಗುತ್ತಿದ್ದೇವೆ, ಅನ್ನಬಹುದಿತ್ತು.
ಚರಂಡಿಯ ಅಂಚಿಗೆ ಒಂದು ಮೊಳದಷ್ಟು
ಹಳೆಯ ಕಲ್ಲು ಬಿಟ್ಟಿದ್ದರು, ಡಾಂಬರು ಸಾಲದೆ.
ಸ್ಟಿಯರಿಂಗನ್ನು ಬಲಕ್ಕೆ ಎಳೆದೆ.
ಬಲಗಡೆಯ ಎರಡು ಚಕ್ರ ಇಳಿದವು, ಇಡೀ ಕಾರು ಗಡಗಡ,
ನನ್ನ ಹಲ್ಲಿಗೆ ಹಲ್ಲು ಬಡಿಯಿತು.

"ಹಾಂ, ಬಿಯರಿನ ಓಣಿ," ಅಂದಳು ಅತ್ತೆ,
ಸೀಟಿಗೆ ಒರಗಿ.
"ನಿಧಾನ ಹೋಗು. ಟೈರು ದುಬಾರಿ."